ಬಣ್ಣ ಮೊದಲೋ, ಬಾಗಿಲು ಮೊದಲೋ

ನಾನು ಮುಖ್ಯ ಶಿಕ್ಷಕಿಯಾಗಿ ಹೋದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 68 ಮಕ್ಕಳಿದ್ದರು. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ದಾಖಲಾತಿಯನ್ನು ನೋಡಿ ಬರುತ್ತದೆ. 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಅದರಲ್ಲಿ ಶೇ 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು. ಸೀಮೆಸುಣ್ಣ, ಹಾಜರಿ ಪುಸ್ತಕ, ಕುಡಿಯುವ ನೀರು, ಸಣ್ಣಪುಟ್ಟ ದುರಸ್ತಿ ಎಲ್ಲವನ್ನೂ ಇಷ್ಟರಲ್ಲೇ ತೂಗಿಸಬೇಕು.

ಮೊದಲ ವರ್ಷ ಖರ್ಚಿನ ಪಟ್ಟಿಯನ್ನು ನಾನೇ ಬರೆದೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದರು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಆ ಲೆಕ್ಕ ಸರಿಯಿತ್ತು. ಆದರೆ ಸಭೆ ಸೇರುತ್ತಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ, ತಾಯಂದಿರು ಕಳೆ ಕೀಳಲು ಹೋಗಿರುವ ಹೊತ್ತಿಗೆ.

ಎರಡನೇ ವರ್ಷ ಸಭೆಯನ್ನು ಸಂಜೆ ಐದೂವರೆಗೆ ಇಟ್ಟೆ. ಅಧ್ಯಕ್ಷರು ಕುಳಿತ ಕೂಡಲೇ, "ಗೋಡೆಗೆ ಬಣ್ಣ ಹೊಡೆಸಿ ಮೇಡಂ, ಊರಿಗೆ ಬಂದವರ ಕಣ್ಣಿಗೆ ಕಾಣಬೇಕು" ಎಂದರು. ಹಲವರು ತಲೆಯಾಡಿಸಿದರು. ಹಿಂದೆ ಕುಳಿತಿದ್ದ ಒಬ್ಬ ತಾಯಿ ಸೆರಗು ಸರಿಮಾಡಿಕೊಂಡು, "ನನ್ನ ಮಗಳು ಬೆಳಿಗ್ಗೆ ಒಂದು ಗುಟುಕು ನೀರನ್ನೂ ಕುಡಿಯದೆ ಶಾಲೆಗೆ ಬರುತ್ತಾಳೆ" ಎಂದಷ್ಟೇ ಹೇಳಿದರು. ಯಾಕೆಂದು ಕೇಳುವ ಅಗತ್ಯ ಹೆಂಗಸರಿಗೆ ಬರಲಿಲ್ಲ. ಎಲ್ಲರನ್ನೂ ಹೆಣ್ಣುಮಕ್ಕಳ ಶೌಚಾಲಯದತ್ತ ಕರೆದುಕೊಂಡು ಹೋದೆ. ಬಾಗಿಲು ಒಂದೇ ಕೀಲಿನ ಮೇಲೆ ಜೋತಾಡುತ್ತಿತ್ತು. ಚಿಲಕವಿರಬೇಕಾದ ತೂತಿಗೆ ಯಾರೋ ಹುಡುಗಿ ತನ್ನ ಜಡೆಯ ರಿಬ್ಬನ್ ಪೋಣಿಸಿದ್ದಳು, ಒಳಗಿನಿಂದ ಎಳೆದು ಹಿಡಿದುಕೊಳ್ಳಲು. ಆ ರಿಬ್ಬನ್ ನನ್ನ ಕಣ್ಣಿಗೆ ಒಂದು ವರ್ಷ ಬಿದ್ದಿರಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಅಧ್ಯಕ್ಷರು ಮಾತಾಡದೆ ಹಿಂದಿರುಗಿ, "ಬಣ್ಣವನ್ನು ಮುಂದಿನ ವರ್ಷಕ್ಕೆ ಬರೆದುಕೊಳ್ಳಿ" ಎಂದರು.

ಅಲ್ಲಿಂದ ಮುಂದೆ ಪ್ರತಿ ಬೇಡಿಕೆಗೂ ಒಂದೇ ಪ್ರಶ್ನೆ ಕೇಳತೊಡಗಿದೆವು: ಇದಿಲ್ಲದಿದ್ದರೆ ಯಾವ ಮಗು ಶಾಲೆ ತಪ್ಪಿಸುತ್ತದೆ? ಹೆಸರು ಹೇಳಲು ಬಂದರೆ ಅದು ಮೇಲಕ್ಕೆ, ಬಾರದಿದ್ದರೆ ಕೆಳಕ್ಕೆ. ಬಾಗಿಲು, ಚಿಲಕ, ನೀರಿನ ತೊಟ್ಟಿಯ ನಲ್ಲಿಗಳು ಮೇಲೆ ಬಂದವು. ನಾನು ಬಹಳ ಆಸೆಪಟ್ಟಿದ್ದ ಪುಸ್ತಕದ ಕಪಾಟು ಕೆಳಗಿಳಿಯಿತು. ಸೋರುವ ಕೊಠಡಿ ಈ ಹಣಕ್ಕೆ ನಿಲುಕುವುದಿಲ್ಲ. ಅದಕ್ಕೆ, ಮುರಿದ ಕಾಂಪೌಂಡಿಗೆ ಬೇರೆ ಹಾಳೆಯಲ್ಲಿ ಬರೆದು, ಸಮಿತಿಯ ಠರಾವಿನೊಂದಿಗೆ ಗ್ರಾಮ ಪಂಚಾಯಿತಿಗೂ ಶಿಕ್ಷಣ ಇಲಾಖೆಗೂ ಕೊಟ್ಟೆವು. ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಿದರೆ ದೊಡ್ಡ ಕೆಲಸದ ಮಾತಿನಲ್ಲೇ ಸಭೆ ಮುಗಿಯುತ್ತದೆ, ಚಿಲಕ ಹಾಗೆಯೇ ಉಳಿಯುತ್ತದೆ.

ಖರ್ಚಿನ ಲೆಕ್ಕವನ್ನು ಮಾರ್ಚ್ ಕೊನೆಗೆ ಸೂಚನಾ ಫಲಕಕ್ಕೆ ಅಂಟಿಸಿದೆ. ಓದು ಬಾರದ ಆ ತಾಯಿ ಮಗಳ ಕೈಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ, ನಲ್ಲಿಗೆ ಇಷ್ಟೊಂದು ಯಾಕಾಯಿತು ಎಂದು ಕೇಳಿದರು. ಬಿಲ್ ತೆಗೆದು ಸಾಲು ಸಾಲಾಗಿ ಹೇಳಿದೆ.