ಗಡಿಯಾರವನ್ನು 2038ಕ್ಕೆ ತಿರುಗಿಸಿ: ಆರ್ಮ್ ಬೋರ್ಡಿನಲ್ಲಿ ಹೊಸ ಎಬಿಐ ಪರೀಕ್ಷೆ

ಡೆಬಿಯನ್ ಎಂಬ ಲಿನಕ್ಸ್‌ನ 32 ಬಿಟ್ ಆರ್ಮ್ ಪ್ರೊಸೆಸರಿನ ಆವೃತ್ತಿಯಲ್ಲಿ ಎಬಿಐ (ಕಂಪೈಲ್ ಆದ ಪ್ರೋಗ್ರಾಮು, ಲೈಬ್ರರಿಗಳು ಪರಸ್ಪರ ಡೇಟಾ ಕೊಟ್ಟುಕೊಳ್ಳುವ ಒಪ್ಪಂದ) ಬದಲಾಗುತ್ತಿದೆ ಎಂದು 2024ರಲ್ಲಿ ಗೊತ್ತಾದಾಗ, ನನ್ನ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಆರ್ಮ್ ಕಂಪ್ಯೂಟರ್ ಬೋರ್ಡಿಗೆ ಬೇರೆ ಎಸ್‌ಡಿ ಕಾರ್ಡ್ ಹಾಕಿ ಅನ್‌ಸ್ಟೇಬಲ್ (ಇನ್ನೂ ಬೆಳೆಯುತ್ತಿರುವ) ಆವೃತ್ತಿಯನ್ನು ಇನ್‌ಸ್ಟಾಲ್ ಮಾಡಿದೆ. ಮುಖ್ಯವಾಗಿ ಬದಲಾಗಿದ್ದು ಇದು. ಸಮಯವನ್ನು ಹಿಡಿದಿಡುವ ಟೈಮ್-ಟಿ ಎಂಬ ಟೈಪ್ 4 ಬೈಟಿನಿಂದ 8 ಬೈಟಿಗೆ ಬೆಳೆಯಿತು. ಅದು 1970ರಿಂದಾದ ಸೆಕೆಂಡುಗಳನ್ನು ಎಣಿಸುತ್ತದೆ; 4 ಬೈಟಿನ ಲೆಕ್ಕ 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಮುಗಿಯುತ್ತದೆ. ಮರುಸೆಕೆಂಡಿಗೆ ಅದು 1901ಕ್ಕೆ ಹೋಗುತ್ತದೆ. ಇಂಥ ಬೋರ್ಡುಗಳನ್ನು ಒಮ್ಮೆ ಪ್ಯಾನೆಲ್ ಒಳಗೆ ಕೂರಿಸಿದರೆ ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ಹಾಗಾಗಿ 2038 ದೂರವೇನಲ್ಲ.

ಮೊದಲು ನೋಡಬೇಕಿದ್ದದ್ದು, ಹಳೆಯದೂ ಹೊಸದೂ ಬೆರೆತರೆ ಏನಾಗುತ್ತದೆ ಅನ್ನುವುದು. ಒಂದು ಪುಟ್ಟ ಲೈಬ್ರರಿ ಬರೆದೆ. ಅದರ ಸ್ಟ್ರಕ್ಚರಿನಲ್ಲಿ ಮೊದಲು ಸಮಯ, ಆಮೇಲೆ ಸೆನ್ಸರ್ ನಂಬರ್. ಲೈಬ್ರರಿಯನ್ನು ಹೊಸ ರೀತಿಯಲ್ಲಿ, ಪ್ರೋಗ್ರಾಮನ್ನು ಹಳೆಯ ರೀತಿಯಲ್ಲಿ ಕಂಪೈಲ್ ಮಾಡಿದೆ. ಎರಡನ್ನೂ ಜೋಡಿಸುವ ಲಿಂಕರ್ ತುಟಿ ಪಿಟಕ್ಕೆನ್ನಲಿಲ್ಲ. ಫಂಕ್ಷನ್ ಹೆಸರು ಒಂದೇ ಅಲ್ವಾ, ಅದಕ್ಕೆ ಅಷ್ಟೇ ಸಾಕು. ಆದರೆ ಪ್ರೋಗ್ರಾಮು ಸೆನ್ಸರ್ ನಂಬರನ್ನು 4ನೇ ಬೈಟಿನಲ್ಲಿ ಇಟ್ಟಿತ್ತು, ಲೈಬ್ರರಿ 8ನೇ ಬೈಟಿನಲ್ಲಿ ಹುಡುಕಿತು. ಕ್ರ್ಯಾಶ್ ಇಲ್ಲ, ಎರರ್ ಇಲ್ಲ, ಸುಮ್ನೆ ತಪ್ಪು ನಂಬರ್. ನನ್ನ ಪ್ರಕಾರ ಎಬಿಐ ಬದಲಾವಣೆಯಲ್ಲಿ ನಿಜವಾಗಿ ಹೆದರಬೇಕಾದ್ದು ಇದಕ್ಕೇ. ಈ ಬೆರಕೆ ತಪ್ಪಿಸಲೆಂದೇ ಡೆಬಿಯನ್‌ನವರು ಲೈಬ್ರರಿ ಪ್ಯಾಕೇಜುಗಳ ಹೆಸರಿನ ಕೊನೆಗೆ ಟಿ64 ಎಂದು ಸೇರಿಸಿದ್ದು. ಪ್ಯಾಕೇಜುಗಳ ಪಟ್ಟಿ ಉದ್ದವಾಯಿತು, ನಿಜ, ಆದರೆ ಅದು ಸರಿಯಾದ ನಿರ್ಧಾರ.

ಜಾಸ್ತಿ ಹೊತ್ತು ಹಿಡಿದಿದ್ದು ಪ್ರಿಂಟ್‌ಎಫ್, ಅಂದರೆ ಮೌಲ್ಯಗಳನ್ನು ಮುದ್ರಿಸುವ ಸಿ ಫಂಕ್ಷನ್. ತಾಪಮಾನ ದಾಖಲಿಸುವ ಹಳೆಯ ಪ್ರೋಗ್ರಾಮೊಂದು ಸಮಯವನ್ನು ಪರ್ಸೆಂಟ್ ಎಲ್‌ಡಿ (ಇಲ್ಲಿ 32 ಬಿಟ್ ಸಂಖ್ಯೆಯ ಗುರುತು) ಹಾಕಿ ಮುದ್ರಿಸುತ್ತಿತ್ತು. ಹೊಸ ಎಬಿಐನಲ್ಲಿ ಸಮಯದ ಜಾಗದಲ್ಲಿ ಅರ್ಥವಿಲ್ಲದ ಸಂಖ್ಯೆ ಬಂತು. ಬೈನರಿಯನ್ನು ಡಿಸ್‌ಅಸೆಂಬಲ್ ಮಾಡಿ (ಯಂತ್ರದ ಆದೇಶಗಳಾಗಿ ಬಿಡಿಸಿ) ನೋಡಿದಾಗ ಕಾರಣ ಸಿಕ್ಕಿತು. ಆರ್ಮ್‌ನಲ್ಲಿ 64 ಬಿಟ್ ಮೌಲ್ಯ ಸಮಸಂಖ್ಯೆಯ ರಿಜಿಸ್ಟರಿನಿಂದ (ಪ್ರೊಸೆಸರಿನೊಳಗಿನ 32 ಬಿಟ್ ಜಾಗ; ಆರ್0, ಆರ್1 ಇತ್ಯಾದಿ) ಶುರುವಾಗುವ ಜೋಡಿಯಲ್ಲೇ ಕೂರಬೇಕು. ಆರ್0ಯಲ್ಲಿ ಫಾರ್ಮ್ಯಾಟ್ ಸ್ಟ್ರಿಂಗ್ ಇದೆ. ಆದ್ದರಿಂದ ಸಮಯ ಆರ್1 ಬಿಟ್ಟು ಆರ್2, ಆರ್3ಕ್ಕೆ ಹೋಯಿತು. ಎಲ್‌ಡಿ ಓದಿದ್ದು ಮಾತ್ರ ಖಾಲಿ ಬಿದ್ದಿದ್ದ ಆರ್1 ಅನ್ನು. 32 ಬಿಟ್ ಇಂಟೆಲ್‌ನಲ್ಲಿ ಇದೇ ಕೋಡ್ ಕೆಳಗಿನ ಅರ್ಧವನ್ನು ಓದಿ, ಸರಿಯಾದ ಸಮಯವನ್ನೇ ತೋರಿಸುತ್ತದೆ. ಅದಕ್ಕೇ ಪರೀಕ್ಷೆ ಆರ್ಮ್ ಬೋರ್ಡಿನ ಮೇಲೆಯೇ ಆಗಬೇಕು ಅನ್ನುವುದು. ಪರಿಹಾರ ಸುಲಭ: ಸಮಯವನ್ನು ಲಾಂಗ್ ಲಾಂಗ್‌ಗೆ ಕಾಸ್ಟ್ ಮಾಡಿ ಪರ್ಸೆಂಟ್ ಎಲ್‌ಎಲ್‌ಡಿ ಬಳಸುವುದು. ಫಾರ್ಮ್ಯಾಟ್ ವಾರ್ನಿಂಗ್ ಆನ್ ಇಟ್ಟರೆ ಜಿಸಿಸಿ ಕಂಪೈಲರೇ ಇಂಥವನ್ನು ಹೆಕ್ಕಿ ಕೊಡುತ್ತದೆ.

ಬೈನರಿ ಹಳೆಯದೋ ಹೊಸದೋ ತಿಳಿಯಲು ಸಿಂಬಲ್ (ಫಂಕ್ಷನ್ ಮುಂತಾದವುಗಳ ಹೆಸರು) ಪಟ್ಟಿ ಮಾಡುವ ಎನ್‌ಎಂ ಕಮಾಂಡ್ ಸಾಕು. ಡೈನಾಮಿಕ್ ಸಿಂಬಲ್‌ಗಳಲ್ಲಿ ಟೈಮ್64, ಕ್ಲಾಕ್-ಗೆಟ್‌ಟೈಮ್64 ಥರದ ಹೆಸರು ಕಂಡರೆ ಹೊಸದು. ಸಿ ಭಾಷೆಯ ಮೂಲ ಲೈಬ್ರರಿಯಾದ ಜಿಲಿಬ್‌ಸಿ ಎರಡೂ ಬಗೆಯ ಹೆಸರನ್ನು ಇಟ್ಟುಕೊಂಡಿರುವುದರಿಂದ, ಜಿಲಿಬ್‌ಸಿಯನ್ನು ಮಾತ್ರ ನೆಚ್ಚಿಕೊಂಡ ಹಳೆಯ ಪ್ರೋಗ್ರಾಮು ಇವತ್ತಿಗೂ ಓಡುತ್ತದೆ. ಆದರೆ ಅದು ಓಡುವುದು 2038ರವರೆಗೆ ಮಾತ್ರ.

ಆಮೇಲೆ ಗಡಿಯಾರ. ಮೊದಲು ನೆಟ್‌ವರ್ಕ್ ಸಮಯವನ್ನು ಆಫ್ ಮಾಡಬೇಕು, ಇಲ್ಲದಿದ್ದರೆ ಅದು ತಾರೀಕನ್ನು ಮತ್ತೆ ಇವತ್ತಿಗೇ ಎಳೆಯುತ್ತದೆ. ಡೇಟ್ ಕಮಾಂಡಿನಲ್ಲಿ 2038 ಜನವರಿ 19, 8:43 ಎಂದು ಕೊಟ್ಟು ಕಾದೆ. ಲಾಗ್ ಫೈಲ್ 8:44:07 ದಾಟಿ 8:44:08ಕ್ಕೆ ಸಲೀಸಾಗಿ ಬಂತು. ತುಂಬ ಖುಷಿಯಾಯಿತು. ಹಳೆಯ ಎಬಿಐನ ಬೈನರಿಗೆ ಮಾತ್ರ ಸಮಯವೇ ಸಿಗಲಿಲ್ಲ; 4 ಬೈಟಿನಲ್ಲಿ ಹಿಡಿಸದ ಸಮಯವನ್ನು ಜಿಲಿಬ್‌ಸಿ 1901 ಎಂದು ಕೊಡುವ ಬದಲು ಎರರ್ ಕೊಟ್ಟಿತು.

ಇನ್ನೊಂದು ವಿಷಯ. ಪ್ರೋಗ್ರಾಮು ಸರಿಯಿದ್ದರೂ ಫೈಲ್‌ಸಿಸ್ಟಮ್ ಕೈಕೊಡಬಹುದು. ಲಿನಕ್ಸಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಮಿನಲ್ಲಿ ಐನೋಡ್ (ಪ್ರತಿ ಫೈಲಿನ ವಿವರ ಇಡುವ ದಾಖಲೆ) 128 ಬೈಟಿನದಾಗಿದ್ದರೆ ಫೈಲಿನ ತಾರೀಕು 2038ಕ್ಕೇ ನಿಲ್ಲುತ್ತದೆ. 256 ಬೈಟಿದ್ದರೆ 2446ರವರೆಗೆ ನಡೆಯುತ್ತದೆ. ಹಿಂದೆಲ್ಲ ಚಿಕ್ಕ ಪಾರ್ಟಿಷನ್‌ಗಳಿಗೆ 128 ಬೈಟೇ ಡೀಫಾಲ್ಟ್ ಆಗಿತ್ತು. ಟ್ಯೂನ್2ಎಫ್‌ಎಸ್ ಕಮಾಂಡನ್ನು ಹೈಫನ್ ಎಲ್ ಜೊತೆ ಕೊಟ್ಟರೆ ಐನೋಡ್ ಸೈಜ್ ಕಾಣುತ್ತದೆ. ಹಳೆಯ ಬೂಟ್ ಪಾರ್ಟಿಷನ್ ಇರುವವರು ಈ ಹೊಸ ಎಬಿಐ ಇರುವ ಡೆಬಿಯನ್ 13ಕ್ಕೆ ಹೋಗುವ ಮೊದಲು ಅದನ್ನೂ ಒಮ್ಮೆ ನೋಡಿಕೊಳ್ಳಿ.