ಪಲ್ಪರ್ ಫರ್ಮಿನದೋ, ಪಾಲುದಾರನದೋ?

ಕೊಡಗಿನಲ್ಲಿ ಇಬ್ಬರು ಸೇರಿ ಕಾಫಿ ವ್ಯಾಪಾರವನ್ನೋ ಹೋಮ್‌ಸ್ಟೇಯನ್ನೋ ಶುರು ಮಾಡಿದರೆ ಸಾಮಾನ್ಯವಾಗಿ ಜಾಗ ಒಬ್ಬರದು, ದುಡ್ಡು ಇನ್ನೊಬ್ಬರದು. ಮುರಿದು ಬಿದ್ದ ಮೇಲೆ ಕಣ (ಕಾಫಿ ಒಣಗಿಸುವ ಅಂಗಳ), ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಪಿಕಪ್ ಯಾರದೆಂಬ ಜಗಳ. ಇಂಥ ಕಡತ ಬಂದರೆ ನಾನು ಆರ್‌ಟಿಸಿಗಿಂತ ಮೊದಲು ಕೇಳುವುದು ಪಾಲುದಾರಿಕೆ ಪತ್ರ, ಬ್ಯಾಂಕ್ ಪಾಸ್‌ಬುಕ್ಕು, ಬ್ಯಾಲೆನ್ಸ್ ಶೀಟು. ಫರ್ಮಿಗೆ ಪಾಲುದಾರರನ್ನು ಬಿಟ್ಟು ಬೇರೆ ಅಸ್ತಿತ್ವವಿಲ್ಲ. ಆಸ್ತಿ ಪಾಲುದಾರರ ಹೆಸರಿನಲ್ಲಿರುವುದು ಸಹಜ. ಹೆಸರೊಂದರಿಂದಲೇ ತೀರ್ಮಾನವಾಗದು.

1932ರ ಪಾಲುದಾರಿಕೆ ಕಾಯ್ದೆಯ 14ನೇ ಕಲಂ ನೋಡುವುದು ಉದ್ದೇಶವನ್ನು. ಶುರುವಿನಲ್ಲಿ ಬಂಡವಾಳವಾಗಿ ತಂದದ್ದು, ಆಮೇಲೆ ಫರ್ಮಿಗಾಗಿ ಕೊಂಡದ್ದು, ಗುಡ್‌ವಿಲ್ (ವ್ಯಾಪಾರ ಗಳಿಸಿದ ಹೆಸರಿನ ಬೆಲೆ), ಎಲ್ಲವೂ ಫರ್ಮಿನ ಆಸ್ತಿ. ಫರ್ಮಿನ ದುಡ್ಡಲ್ಲಿ ಕೊಂಡದ್ದು ಫರ್ಮಿನದೇ ಎಂದು ಕಾನೂನು ಊಹಿಸುತ್ತದೆ. ಅಲ್ಲವೆನ್ನುವವನು ಬೇರೆ ಉದ್ದೇಶ ತೋರಿಸಬೇಕು. ಪಿಕಪ್ ಆರ್‌ಸಿಯಲ್ಲಿ ಒಬ್ಬನ ಹೆಸರಿದ್ದರೂ ಹಣ ಫರ್ಮಿನ ಖಾತೆಯಿಂದ ಹೋಗಿ, ಫರ್ಮಿನ ಲೆಕ್ಕದಲ್ಲಿ ವರ್ಷವರ್ಷ ಸವಕಳಿ (ಬೆಲೆಯ ಇಳಿಕೆ) ತೋರಿಸಿದ್ದರೆ ‘ನನ್ನದು’ ಎನ್ನುವುದು ಕಷ್ಟ. ಅದೇ ಹಣವನ್ನು ಅವನ ಡ್ರಾಯಿಂಗ್ಸ್ ಖಾತೆಗೆ, ಅಂದರೆ ಅವನು ಸ್ವಂತಕ್ಕೆ ತೆಗೆದ ಹಣದ ಲೆಕ್ಕಕ್ಕೆ, ಬರೆದಿದ್ದರೆ ಕಥೆ ತಿರುಗಿತು.

ಎಲ್ಲರೂ ಎಡವುವುದು ಬಳಕೆಯ ವಿಷಯದಲ್ಲಿ. ಹತ್ತು ವರ್ಷ ಫರ್ಮಿನ ಚೆರ್ರಿ (ಕಾಫಿ ಹಣ್ಣು) ಒಣಗಿಸಿದ ಮಾತ್ರಕ್ಕೆ ಕಣ ಫರ್ಮಿನದಾಗದು. ಬಾಡಿಗೆ ಕೊಟ್ಟ ನಮೂದಿದ್ದರಂತೂ ಅದು ಮಾಲೀಕನದೇ ಎನ್ನಲು ಗಟ್ಟಿ ಸಾಕ್ಷಿ. ಫರ್ಮಿನ ಹಣದಲ್ಲಿ ಕಣಕ್ಕೆ ಸಿಮೆಂಟು ಹಾಕಿಸಿದ್ದರೆ ಆ ಖರ್ಚನ್ನು ಲೆಕ್ಕದಲ್ಲಿ ಕೇಳಬಹುದು, ಅಷ್ಟಕ್ಕೇ ಜಾಗ ಸಿಗದು.

ಜಾಗ ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ ಜಮೀನು) ಆದರೆ ಇನ್ನೊಂದು ತೊಡಕು: ಒಕ್ಕದವರ (ಒಂದೇ ಮನೆತನದವರ) ಹಕ್ಕು ಸೇರಿರುವ ಜಾಗವನ್ನು ಒಬ್ಬನೇ ಬಂಡವಾಳವೆಂದು ತರಲಾಗದು. ತನ್ನದೇ ಜಾಗವಾದರೆ ತರಬಹುದು. ಅದಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕೆಂದಿಲ್ಲ. ಆದರೆ ಆರ್‌ಟಿಸಿ ತಾನಾಗಿ ಬದಲಾಗದು, ಬ್ಯಾಂಕಿನವರು ಸಾಲಕ್ಕೆ ತಕರಾರು ತೆಗೆಯುತ್ತಾರೆ.

ಹಾಗಾಗಿ ಪತ್ರದ ಕೊನೆಗೆ ಎರಡು ಷೆಡ್ಯೂಲ್ ಹಾಕಿಸುತ್ತೇನೆ. ಒಂದರಲ್ಲಿ ಫರ್ಮಿನವು: ಪಲ್ಪರ್, ತೂಕದ ಯಂತ್ರ, ಟಾರ್ಪಾಲು, ಪ್ರತಿಯೊಂದಕ್ಕೂ ಬಿಲ್ ಸಂಖ್ಯೆ. ಇನ್ನೊಂದರಲ್ಲಿ ಪಾಲುದಾರರ ಸ್ವಂತದ್ದು: ‘ಸರ್ವೆ ನಂಬರ್ ಇಂತಿಷ್ಟರ ಕಣ ಫರ್ಮಿಗೆ ಬಳಕೆಗೆ ಮಾತ್ರ, ಬಾಡಿಗೆ ಇಷ್ಟು, ವಿಸರ್ಜನೆಯಾದ ದಿನ ಮರಳಿಸತಕ್ಕದ್ದು.’ ಬಾಡಿಗೆಯ ಮೊತ್ತ ಬರೆಯದೆ ಖಾಲಿ ಬಿಟ್ಟು ಸಹಿ ಹಾಕಲು ಹೊರಟರೆ ಪತ್ರ ವಾಪಸ್ ಕೊಟ್ಟು ಕಳಿಸುತ್ತೇನೆ.