ಮೊದಲು ಹಸಿರು ಉಲಿಯಕ್ಕಿ, ಆಮೇಲೆ ಅಪರೂಪದ ಅತಿಥಿ

ಅಪರೂಪದ ವಲಸೆ ಹಾಡುಹಕ್ಕಿ ನೋಡಬೇಕೆಂದರೆ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮೊದಲ ವಾರದವರೆಗಿನ ಕಾಲವನ್ನು ಬಿಡಬೇಡಿ. ಪಶ್ಚಿಮಘಟ್ಟಕ್ಕೋ ಶ್ರೀಲಂಕಾಕ್ಕೋ ಹೊರಟ ಹಕ್ಕಿಗಳು ಈ ವಾರಗಳಲ್ಲಿ ನಮ್ಮ ಬಯಲುಸೀಮೆಯ ಮರಗಳಲ್ಲಿ ಒಂದೆರಡು ದಿನ ತಂಗಿ, ಮೇವು ತಿಂದು, ಮುಂದೆ ಹೋಗುತ್ತವೆ. ಡಿಸೆಂಬರ್‌ನಲ್ಲಿ ಹೆಚ್ಚಾಗಿ ಕಾಣುವುದು ಇಲ್ಲೇ ಬೀಡುಬಿಟ್ಟವು.

ಅಪರೂಪದ ಹೆಸರುಗಳ ಬೆನ್ನು ಹತ್ತುವ ಮೊದಲು ಎರಡು ಸಾಮಾನ್ಯ ಹಕ್ಕಿಗಳ ದನಿ ಕಲಿಯಿರಿ. ಮರದ ತುದಿಯಿಂದ ‘ಚಿಸ್ವೀ’ ಎಂದು ಎರಡು ತುಂಡಾಗಿ ಕರೆಯುವುದು ಹಸಿರು ಉಲಿಯಕ್ಕಿ (ಇಂಗ್ಲಿಷಿನಲ್ಲಿ ಗ್ರೀನಿಷ್ ವಾರ್ಬ್ಲರ್). ಬೇಲಿ, ಪೊದೆಗಳೊಳಗಿಂದ ಕಾಣಿಸಿಕೊಳ್ಳದೆ ‘ಚಕ್, ಚಕ್’ ಎನ್ನುವುದು ಬ್ಲೈತ್‌ನ ಜೊಂಡು ಉಲಿಯಕ್ಕಿ. ಎರಡೂ ಸೆಪ್ಟೆಂಬರ್‌ನಲ್ಲೇ ಬಂದಿರುತ್ತವೆ. ಹಸಿರು ಉಲಿಯಕ್ಕಿ ಚಳಿಗಾಲವಿಡೀ ತನ್ನ ಗಡಿ ಕಾಯುತ್ತ ಅದೇ ಮರಗಳಲ್ಲಿ ಕೂಗುತ್ತಿರುತ್ತದೆ. ನಿಮ್ಮ ಬೀದಿಯ ಒಂದು ಹಕ್ಕಿಯನ್ನೇ ವಾರವಿಡೀ ಕೇಳಿದರೆ ಕಿವಿ ಪಳಗುತ್ತದೆ. ಆಮೇಲೆ ಬೇರೆ ದನಿ ತಾನಾಗಿ ಎದ್ದು ಕೇಳುತ್ತದೆ. ‘ಚಿಸ್‌-ರು-ವೀಟ್’ ಎಂದು ಮೂರು ತುಂಡಾಗಿ ಕೇಳಿದರೆ ಕಾಕಸಸ್ ಕಡೆಯಿಂದ ಬರುವ ಗ್ರೀನ್ ವಾರ್ಬ್ಲರ್ ಇರಬಹುದು. ಗಟ್ಟಿಯಾಗಿ, ಸಿಳ್ಳೆಯಂತೆ ಮೇಲೇರುವ ‘ದಿರ್-ಟೀ’ ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರ್‌ನದು.

ಜಾಗದ ಆಯ್ಕೆಯೂ ಮುಖ್ಯ. ನಂದಿಬೆಟ್ಟ (1,478 ಮೀಟರ್) ಹೆಸರುವಾಸಿಯಾಗಿರುವುದು ಎತ್ತರದಿಂದ ಮಾತ್ರವಲ್ಲ. ಅಲ್ಲಿನ ಇಳಿಜಾರು ದಾರಿಗಳಲ್ಲಿ ನಿಂತರೆ ಕೆಳಗಿನ ಮರದ ನೆತ್ತಿ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಕತ್ತು ನೋಯುವುದಿಲ್ಲ. ವಾರಾಂತ್ಯದ ಜಂಗುಳಿಯಲ್ಲಿ ಮಾತ್ರ ಬೇಡ. ಊರಿನಲ್ಲೇ ನೋಡುವವರಿಗೆ ಹಳೆಯ ಹುಣಸೆ, ಹೊಂಗೆ, ಅತ್ತಿ ಮರಗಳಿರುವ ತೋಪು ಅಥವಾ ಕೆರೆದಂಡೆ ಸಾಕು. ಈ ಹಕ್ಕಿಗಳು ಹಾರುವುದು ರಾತ್ರಿ. ದಾರಿಯಲ್ಲಿ ಮಳೆ ಸಿಕ್ಕರೆ ಇದ್ದಲ್ಲೇ ಇಳಿಯುತ್ತವೆ. ಹಾಗಾಗಿ ರಾತ್ರಿ ಮಳೆ ಬಂದು ಬೆಳಿಗ್ಗೆ ಬಿಟ್ಟ ದಿನ ತಪ್ಪದೆ ಹೋಗಿ. ಆರೂವರೆಯಿಂದ ಒಂಬತ್ತೂವರೆಯೊಳಗೆ ಕೆಲಸ ಮುಗಿಸಿ.

8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. 10x ಕೈಯಲ್ಲಿ ಹೆಚ್ಚು ನಡುಗುತ್ತದೆ, ನೋಟದ ಹರವೂ ಕಿರಿದು. ಒಂದು ಕೊಂಬೆಯಲ್ಲಿ ಎರಡು ಸೆಕೆಂಡು ನಿಲ್ಲದ ಹಕ್ಕಿಗೆ ಅದು ತೊಡಕೇ. ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿ. ಮರದ ಒಂದು ಕೊಂಬೆಗೆ ಮೊದಲೇ ಫೋಕಸ್ ಮಾಡಿಟ್ಟುಕೊಂಡು ಬರಿಗಣ್ಣಲ್ಲಿ ಅಲುಗಾಟ ಹುಡುಕಿ. ಹಕ್ಕಿ ಕಂಡಾಗ ಅದರ ಮೇಲಿಟ್ಟ ದೃಷ್ಟಿ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಚೇಕಡಿ, ಬೆಳ್ಗಣ್ಣ, ಚಿತ್ರಪಕ್ಷಿಗಳ ಮಿಶ್ರ ಹಿಂಡು ಸಿಕ್ಕಿತೋ, ಬಿಡಬೇಡಿ. ಹಿಂಡಿನ ಮುಂದಿನವನ್ನು ನೋಡಿ ತಿರುಗಿಬಿಡುವುದು ಎಲ್ಲರೂ ಮಾಡುವ ತಪ್ಪು. ಕೊನೆಯ ಹಕ್ಕಿ ದಾಟುವವರೆಗೆ ನಿಲ್ಲಿ.

ಗುರುತಿಸುವಾಗ ಪುಸ್ತಕ ತೆರೆಯುವ ಮೊದಲೇ ಕರೆ, ರೆಕ್ಕೆಯ ಪಟ್ಟೆ, ನೆತ್ತಿಯ ನಡುಗೆರೆ, ಕೊಕ್ಕಿನ ಉದ್ದ, ಕಾಲಿನ ಬಣ್ಣ, ಈ ಅನುಕ್ರಮದಲ್ಲಿ ಬರೆದುಕೊಳ್ಳಿ. ನೆತ್ತಿಯ ನಡುವೆ ಮಸುಕು ಗೆರೆಯಿದ್ದರೆ ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್ ಎಂದು ಯೋಚಿಸಿ. ರೆಕ್ಕೆಪಟ್ಟೆಯಿಲ್ಲದೆ ಕೊಕ್ಕು ಉದ್ದ, ತೆಳುವಾಗಿದ್ದರೆ ಟೈಟ್ಲರ್ಸ್ ಲೀಫ್ ವಾರ್ಬ್ಲರ್. ಇಲ್ಲಿಯೇ ಎಡವುವುದು. ಶರತ್ಕಾಲದಲ್ಲಿ ಬಂದಿಳಿಯುವ ವಯಸ್ಕ ಹಸಿರು ಉಲಿಯಕ್ಕಿಯ ಗರಿ ಸವೆದು ಪಟ್ಟೆ ಅಳಿಸಿಹೋಗಿರಬಹುದು. ಪಟ್ಟೆ ಕಾಣಲಿಲ್ಲ ಎಂಬುದೊಂದರಿಂದಲೇ ಹೊಸ ಹಕ್ಕಿ ಎನ್ನಬೇಡಿ. ಹಳದಿ ಹೊಟ್ಟೆಯನ್ನೂ ನಂಬಬೇಡಿ. ಬಿಸಿಲು ಎಲೆಗಳ ಮೂಲಕ ಸೋಸಿ ಬಂದರೆ ಎಲ್ಲ ಹೊಟ್ಟೆಯೂ ಹಳದಿಯೇ. ಹಕ್ಕಿ ತೆರೆದ ಕೊಂಬೆಗೆ ಬರುವವರೆಗೆ ಕಾಯಿರಿ.

ನೊಣಹಿಡುಕಗಳಲ್ಲಿ (ಫ್ಲೈಕ್ಯಾಚರ್) ಎರಡು ಗೊಂದಲ ಸಾಮಾನ್ಯ. ಎದೆ, ಹಣೆಗಳ ಮೇಲೆ ಗೀರುಗಳಿದ್ದು ಕಣ್ಣ ಸುತ್ತಲ ಬಿಳಿ ಉಂಗುರ ಅಸ್ಪಷ್ಟವಾಗಿದ್ದರೆ ಅದು ಆಫ್ರಿಕಾಕ್ಕೆ ಹೋಗುವ ಸ್ಪಾಟೆಡ್ ಫ್ಲೈಕ್ಯಾಚರ್. ಕಛ್‌ನಲ್ಲಿ ಸೆಪ್ಟೆಂಬರ್‌ನ ಸಾಮಾನ್ಯ ದಾರಿಹೋಕ, ಕರ್ನಾಟಕದಲ್ಲಿ ಅಪರೂಪ. ದೊಡ್ಡ ಕಣ್ಣು, ಎದ್ದು ಕಾಣುವ ಉಂಗುರ, ಕೆಳಕೊಕ್ಕಿನ ಬುಡದಲ್ಲಿ ಹಳದಿ ಇದ್ದರೆ ಕಂದು ನೊಣಹಿಡುಕ. ಇನ್ನೊಂದು, ಕಾಶ್ಮೀರದಲ್ಲಿ ಗೂಡು ಕಟ್ಟಿ ನೀಲಗಿರಿ, ಶ್ರೀಲಂಕಾಗಳಿಗೆ ಹೋಗುವ ಕಾಶ್ಮೀರ ಫ್ಲೈಕ್ಯಾಚರ್. ಗಂಡಿಗೆ ಗಂಟಲಿನಿಂದ ಪಕ್ಕೆಯವರೆಗೂ ಇಟ್ಟಿಗೆ ಕೆಂಪು, ಕೆಂಪಿನ ಅಂಚಿಗೆ ಕಪ್ಪು ಗೆರೆ. ಕೆಂಪು ಗಂಟಲಿಗೂ ಮೇಲೆದೆಗೂ ಮುಗಿದು, ಕಪ್ಪು ಅಂಚಿಲ್ಲದಿದ್ದರೆ ರೆಡ್-ಬ್ರೆಸ್ಟೆಡ್. ಹೆಣ್ಣು, ಮರಿಗಳಾದರೆ ಹೆಸರು ಹಚ್ಚದೆ ‘ಫ್ಲೈಕ್ಯಾಚರ್ ಜಾತಿ’ ಎಂದು ಬರೆದು ಬಿಡುವುದೇ ಜಾಣತನ.

ದಾಖಲೆಗೆ ಫೋಟೊಗಿಂತ ಕರೆಯ ರೆಕಾರ್ಡಿಂಗ್ ಹೆಚ್ಚು ಉಪಯುಕ್ತ. ಫೋನನ್ನು ಹಕ್ಕಿಯತ್ತ ಚಾಚಿ ಅರ್ಧ ನಿಮಿಷ ಉಸಿರೆತ್ತದೆ ಹಿಡಿಯಿರಿ. ಜಾಗ, ಸಮಯಗಳನ್ನು ಕೊನೆಯಲ್ಲಿ ಹೇಳಿ. ಸಾಧ್ಯವಾದರೆ ವೇವ್ (WAV) ಫೈಲ್ ಆಗಿ ಉಳಿಸಿ. ಫೋಟೊ ಆಕಾಶದ ಎದುರು ತೆಗೆಯುವುದಾದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಹೆಚ್ಚಿಸಿ, ಇಲ್ಲವಾದರೆ ಕಪ್ಪು ನೆರಳು ಮಾತ್ರ ಸಿಗುತ್ತದೆ. ದನಿ ಕೇಳಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಹೇಳುವ ಹೆಸರನ್ನು ಸುಳಿವೆಂದಷ್ಟೇ ಎಣಿಸಿ. ಮೊಬೈಲಿನಿಂದ ಕರೆ ಹಾಕಿ ಹಕ್ಕಿಯನ್ನು ಕರೆಸಬೇಡಿ. ಗಡಿ ಕಾಯುವ ಹಕ್ಕಿ ಎದುರಾಳಿ ಬಂದನೆಂದು ಮೇವು ಬಿಟ್ಟು ಓಡಿಬರುತ್ತದೆ. ದಣಿದು ಬಂದ ಹಕ್ಕಿಗೆ ಅಷ್ಟು ಹೊತ್ತಿನ ಮೇವೂ ದೊಡ್ಡ ನಷ್ಟ. ಹಕ್ಕಿ ದಾಖಲೆಗಳ ಜಾಲತಾಣ ಇಬರ್ಡ್‌ಗೆ ಪಟ್ಟಿ ಹಾಕುವಾಗ ಅಪರೂಪದ ಹೆಸರಿನ ಕೆಳಗೆ ಕಂಡ ಲಕ್ಷಣಗಳ ಜೊತೆಗೆ ಯಾವ ಹತ್ತಿರದ ಜಾತಿಯನ್ನು ಯಾಕೆ ಬಿಟ್ಟಿರಿ ಎಂಬುದನ್ನೂ ಎರಡು ಸಾಲು ಬರೆಯಿರಿ. ಪರಿಶೀಲಕರು ಕೇಳುವ ಮೊದಲ ಪ್ರಶ್ನೆ ಅದೇ.